ಹೆಡ್‌ಲೈಟ್ ಜೋರಾಗಿದೆ, ಸೆಲ್ಫ್ ಮಾತ್ರ ಹೊಡೀತಿಲ್ಲ: ನನ್ನ ಅನುಭವ

ಗಾಡಿ ಸ್ಟಾರ್ಟ್ ಆಗ್ತಿಲ್ಲ ಅಂತ ಯಾರಾದರೂ ಫೋನ್ ಮಾಡಿದರೆ ನಾನು ಮೊದಲು ಕೇಳೋದು, ಸೆಲ್ಫ್ ಹೊಡೆಯುತ್ತಾ ಇಲ್ವಾ, ಅಂದರೆ ಕೀ ತಿರುಗಿಸಿದಾಗ ಸೆಲ್ಫ್ ಮೋಟರ್ ಎಂಜಿನ್ ಅನ್ನು ತಿರುಗಿಸುತ್ತಾ ಅಂತ. ಎಂಜಿನ್ ತಿರುಗಿಯೂ ಹತ್ತಿಕೊಳ್ಳದಿದ್ದರೆ ಪೆಟ್ರೋಲ್, ಸ್ಪಾರ್ಕ್, ಸೆನ್ಸರ್ ಕಡೆ ನೋಡಬೇಕು. ತಿರುಗುವುದೇ ಇಲ್ಲ ಅಂದರೆ ಸದ್ಯಕ್ಕೆ ಅವೆಲ್ಲ ಬಿಡಿ. ಹೆಚ್ಚಾಗಿ ಬ್ಯಾಟರಿ, ವೈರು, ಸೆಲ್ಫ್ ಮೋಟರ್, ಇಷ್ಟರಲ್ಲೇ ಎಲ್ಲೋ ಇರುತ್ತದೆ.

ನನ್ನ ಹಳೆ ಪೆಟ್ರೋಲ್ ಕಾರು ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಕೈಕೊಟ್ಟಿತು, ಅದೂ ಮೇ ತಿಂಗಳ ಬಿಸಿಲಲ್ಲಿ. ಕೀ ತಿರುಗಿಸಿದರೆ ಒಂದೇ ಒಂದು 'ಟಕ್'. ಹತ್ತಿರದ ಗಾಡಿ ಮಿಸ್ತ್ರಿ ಬಂದು ಸದ್ದು ಕೇಳಿ, "ಸೆಲ್ಫ್ ಹೋಗ್ಯಾದ್ರೀ ಸರ, ಇಳಿಸ್ಬೇಕಾಗ್ತದ" ಅಂದರು. ಜೊತೆಗಿದ್ದ ಹುಡುಗ, "ಇಲ್ಲ ಕಾಕಾ, ಬ್ಯಾಟರಿನೇ ಇರ್ಬೇಕು" ಅಂದ. ಅವನ ಮಾತೂ ಸುಮ್ನೆ ತಳ್ಳಿಹಾಕೋ ಹಾಗಿಲ್ಲ, 40 ಡಿಗ್ರಿ ದಾಟುವ ನಮ್ಮೂರ ಬೇಸಿಗೆಯಲ್ಲಿ ಬ್ಯಾಟರಿಗಳು ಬೇಗ ಸಾಯುತ್ತವೆ.

ಸದ್ದು ಅರ್ಧ ಕಥೆ ಹೇಳುತ್ತದೆ. ಟಕಟಕಟಕ ಅಂತ ಬೇಗ ಬೇಗ ಬಡಿದರೆ ಬ್ಯಾಟರಿ ಇಳಿದಿದೆ ಇಲ್ಲವೇ ಟರ್ಮಿನಲ್ ಸಡಿಲ. ಸದ್ದೇ ಇಲ್ಲದಿದ್ದರೆ ರಿಲೇ (ಕರೆಂಟಿನಿಂದ ಕೆಲಸ ಮಾಡುವ ಸಣ್ಣ ಸ್ವಿಚ್), ಕೀ ಸ್ವಿಚ್, ಕೆಲವು ಗಾಡಿಗಳಲ್ಲಿ ಕ್ಲಚ್ ಸ್ವಿಚ್. ನನ್ನ ಗಾಡಿಯಂತೆ ಒಂದೇ ಟಕ್ ಅಂದರೆ ಸೊಲೆನಾಯ್ಡ್ (ಸೆಲ್ಫ್ ಮೋಟರ್‌ಗೆ ಕರೆಂಟ್ ಬಿಡುವ ದೊಡ್ಡ ಸ್ವಿಚ್) ಕೆಲಸ ಮಾಡ್ತಿದೆ, ಮೋಟರ್‌ಗೆ ಕರೆಂಟ್ ಸಾಲುತ್ತಿಲ್ಲ ಅಥವಾ ಮೋಟರೇ ಹೋಗಿದೆ. ಇದನ್ನು ಬಿಡಿಸಬೇಕಲ್ಲ?

ಹೆಡ್‌ಲೈಟ್ ಹಾಕಿ ಕೀ ತಿರುಗಿಸಿದೆ. ಬೆಳಕು ಕುಂದಲೇ ಇಲ್ಲ. ಸೆಲ್ಫ್ ಮೋಟರ್ ನಿಜವಾಗಿ ತಿರುಗುವಾಗ ನೂರು ಆಂಪಿಯರ್‌ಗಿಂತ ಜಾಸ್ತಿ ಎಳೆಯುತ್ತದೆ, ಅಷ್ಟು ಎಳೆದರೆ ಲೈಟ್ ಮಂಕಾಗಲೇಬೇಕು. ಹಾಗಾಗಿ ಕರೆಂಟ್ ಹೋಗುವ ದಾರಿಯಲ್ಲೇ ಎಲ್ಲೋ ತಡೆ ಇದೆ ಅನ್ನಿಸಿತು.

ಆಮೇಲೆ ಮಲ್ಟಿಮೀಟರ್. ಗಾಡಿ ನ್ಯೂಟ್ರಲ್‌ನಲ್ಲಿ, ಹ್ಯಾಂಡ್‌ಬ್ರೇಕ್ ಎಳೆದು, ಹುಡುಗನನ್ನು ಕೀ ಹತ್ತಿರ ಕೂರಿಸಿದೆ. ಬ್ಯಾಟರಿ ಸುಮ್ಮನಿದ್ದಾಗ 12.5 ವೋಲ್ಟ್, ಕೀ ತಿರುಗಿಸಿದಾಗಲೂ 12.3. ಸೆಲ್ಫ್ ಹೊಡೆಯುವಾಗ 10-11ಕ್ಕೆ ಇಳಿಯೋದು ಸಹಜ, 9.6ಕ್ಕಿಂತ ಕೆಳಗೆ ಹೋದರೆ ಬ್ಯಾಟರಿ ಮೇಲೆ ಅನುಮಾನ ಪಡಬೇಕು. ಇಲ್ಲಿ ಇಳಿಯುತ್ತಲೇ ಇಲ್ಲ. ಈಗ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಮೇಲೆ, ಇನ್ನೊಂದು ಎಂಜಿನ್‌ನ ಬರೀ ಲೋಹದ ಮೇಲೆ ಇಟ್ಟೆ. ಕೀ ತಿರುಗಿಸಿದಾಗ ಇಲ್ಲಿ ಅರ್ಧ ವೋಲ್ಟ್ ಕೂಡ ಬರಬಾರದು, ನನಗೆ ಏಳರ ಮೇಲೆ ಬಂತು. ಮೋಟರ್‌ಗೆ ಸಿಗಬೇಕಾದ ವೋಲ್ಟೇಜು ಅರ್ಥಿಂಗ್‌ನಲ್ಲೇ, ಅಂದರೆ ಎಂಜಿನ್‌ನಿಂದ ಬ್ಯಾಟರಿಯ ಮೈನಸ್‌ಗೆ ಕರೆಂಟ್ ವಾಪಸ್ ಬರುವ ದಾರಿಯಲ್ಲೇ ಖರ್ಚಾಗುತ್ತಿತ್ತು! ಹೆಡ್‌ಲೈಟ್‌ಗೆ ಬಾಡಿಯಿಂದ ಬೇರೆ ಅರ್ಥ್ ಇದೆ, ಅದಕ್ಕೇ ಅದು ಹಾಯಾಗಿ ಉರೀತಿತ್ತು.

ಖಾತ್ರಿಗೆ ಜಂಪರ್ ಕೇಬಲ್‌ನ ಒಂದು ತುದಿ ಮೈನಸ್‌ಗೆ, ಇನ್ನೊಂದು ಎಂಜಿನ್ ಲೋಹಕ್ಕೆ ಕಚ್ಚಿಸಿದೆ. ಹುಡುಗ ಕೀ ತಿರುಗಿಸಿದ, ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಮಿಸ್ತ್ರಿ ಏನೂ ಅನ್ನದೆ ಬಗ್ಗಿ ಗೇರ್‌ಬಾಕ್ಸ್ ಹತ್ತಿರದ ಅರ್ಥ್ ವೈರನ್ನು ಎಳೆದು ನೋಡಿದರು. ಹೊರಗೆ ಎಣ್ಣೆ, ಕರಿ ಮಣ್ಣಿನ ಧೂಳು ಮೆತ್ತಿಕೊಂಡಿತ್ತು. ಲಗ್ (ವೈರಿನ ತುದಿಯ ಲೋಹದ ಬಳೆ) ಹತ್ತಿರದ ರಬ್ಬರ್ ಸೀಳಿದರೆ ಒಳಗಿನ ತಾಮ್ರ ಪೂರ್ತಿ ಹಸಿರು, ನಾಲ್ಕೈದು ಎಳೆ ಮಾತ್ರ ಹಿಡಿದುಕೊಂಡಿದ್ದವು.

ಗಾಡಿ ಆಫ್ ಮಾಡಿ, ಮೈನಸ್ ಟರ್ಮಿನಲ್ ಬಿಚ್ಚಿಟ್ಟು, ಬೋಲ್ಟ್ ಕೂರುವ ಜಾಗವನ್ನು ಹೊಳೆಯುವವರೆಗೆ ಸ್ಯಾಂಡ್‌ಪೇಪರ್‌ನಿಂದ ಉಜ್ಜಿದೆವು. ಹೊಸ ಅರ್ಥ್ ವೈರ್ ಹಾಕಿ ಬಿಗಿದು, ಮೇಲೆ ವ್ಯಾಸಲೀನ್ ಸವರಿದೆವು. ಸೆಲ್ಫ್ ಇಳಿಸೋ ಖರ್ಚಿನ ಮುಂದೆ ಈ ವೈರಿನ ಬೆಲೆ ಏನೂ ಅಲ್ಲ.

ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 14.1 ಬಂತು, ಏಸಿ, ಲೈಟ್ ಎಲ್ಲ ಹಾಕಿದರೂ 13.7. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಸರಿಯಿದೆ, ಬ್ಯಾಟರಿಯೂ ಒಂದೇ ಸಲಕ್ಕೆ ಎಂಜಿನ್ ತಿರುಗಿಸಿತ್ತು. ಹಾಗಾಗಿ ಬ್ಯಾಟರಿಯನ್ನೂ ಬದಲಿಸಲಿಲ್ಲ.