ಚಾಕುವಿನ ಹಿಡಿಗೆ ಯಾವ ಅಂಟು? ಗಂಗಾವತಿಯ ಬಿಸಿಲಲ್ಲಿ ಕಲಿತದ್ದು

ನಾನು ಮಾಡಿದ ಮೊದಲ ಚಾಕುವಿನ ಹಿಡಿ 11ನೇ ದಿನಕ್ಕೆ ಕಳಚಿತು. ಅವ್ವ ಹಾಗಲಕಾಯಿ ಹೆಚ್ಚುತ್ತಿದ್ದಳು. ಒಂದು ಬದಿಯ ಕಟ್ಟಿಗೆ ಟಪ್ ಅಂತ ಎದ್ದು ಪರಾತದಲ್ಲಿ ಬಿತ್ತು. ಅವಳು ಏನೂ ಅನ್ನಲಿಲ್ಲ. ಹಳೇ ಸೀರೆಯ ಅಂಚು ಹರಿದು ಹಿಡಿಗೆ ಸುತ್ತಿಕೊಂಡು ಉಳಿದ ಕಾಯಿ ಹೆಚ್ಚಿ ಮುಗಿಸಿದಳು. ಬೈದಿದ್ದರೆ ಅಷ್ಟು ನಾಚಿಕೆ ಆಗುತ್ತಿರಲಿಲ್ಲ.

ಗಂಗಾವತಿಯಲ್ಲಿ ನನ್ನದೊಂದು ಸಣ್ಣ ವೆಲ್ಡಿಂಗ್ ಅಂಗಡಿ. ಗೇಟು, ಗ್ರಿಲ್ಲು, ಟ್ರ್ಯಾಲಿ ರಿಪೇರಿ. ಭತ್ತದ ಸುಗ್ಗಿ ಬಂದರೆ ಉಸಿರಾಡಲು ಪುರುಸೊತ್ತಿಲ್ಲ. ಚಾಕು ಮಾಡುವುದು ಸಂಜೆಯ ಹುಚ್ಚು. ಲಾರಿಯ ಹಳೇ ಸ್ಪ್ರಿಂಗ್ ಪಟ್ಟಾ ಕಾಯಿಸಿ ಬಡಿಯುತ್ತೇನೆ, ಉಜ್ಜುತ್ತೇನೆ, ಎಣ್ಣೆಯಲ್ಲಿ ಅದ್ದಿ ಹದ ಮಾಡುತ್ತೇನೆ. ಕಬ್ಬಿಣದ ವಿಷಯದಲ್ಲಿ ಅಷ್ಟಿಷ್ಟು ಗೊತ್ತಿತ್ತು. ಅಂಟು ಅನ್ನುವುದು ಒಂದು ವಿಷಯ ಅಂತಲೇ ನನಗೆ ಅನ್ನಿಸಿರಲಿಲ್ಲ. ಅಂಗಡಿಗೆ ಹೋಗು, ಟ್ಯೂಬ್ ತಾ, ಹಚ್ಚು, ಮುಗೀತು ಅಲ್ವಾ?

ಅವ್ವನ ಚಾಕುವಿಗೆ ಹಚ್ಚಿದ್ದು ಕಿರಾಣಿ ಅಂಗಡಿಗಳ ಬಾಗಿಲಲ್ಲೇ ನೇತಾಡುವ ಸಣ್ಣ ಟ್ಯೂಬಿನ ಕ್ವಿಕ್ ಗಮ್. ಬೆರಳಿಗೆ ಬೆರಳು ಅಂಟಿದರೆ ಚರ್ಮವೇ ಕಿತ್ತು ಬರುತ್ತದೆ, ಕಟ್ಟಿಗೆ ಎಲ್ಲಿ ಬಿಡುತ್ತದೆ ಅಂದುಕೊಂಡಿದ್ದೆ. ಆದರೆ ಅದು ಎಳೆತ ತಡೆಯುತ್ತದೆ, ಏಟು ತಡೆಯುವುದಿಲ್ಲ. ಒಣಗಿದ ಮೇಲೆ ಗಾಜಿನ ಹಾಗೆ ಪೆಡಸು. ಚಾಕು ಒಮ್ಮೆ ಕಟ್ಟೆಯಿಂದ ಬಿದ್ದರೆ ಸಾಕು, ಒಳಗೆ ಬಿರುಕು ಬಿಡುತ್ತದೆ. ಇನ್ನೊಂದು ದೋಷ, ಅದು ಸಂದು ತುಂಬುವುದಿಲ್ಲ. ಕಟ್ಟಿಗೆಯೂ ಉಕ್ಕೂ ಕನ್ನಡಿಯ ಮೇಲೆ ಕನ್ನಡಿ ಇಟ್ಟ ಹಾಗೆ ಕೂತರೆ ಮಾತ್ರ ಕೆಲಸ. ನನ್ನ ಕೈಕೆಲಸ ಆಗ ಅಷ್ಟು ನಯವಾಗಿರಲಿಲ್ಲ.

ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಉಕ್ಕು ಬಿಸಿಗೆ ಹಿಗ್ಗುತ್ತದೆ, ಕಟ್ಟಿಗೆ ತೇವಕ್ಕೆ ಹಿಗ್ಗುತ್ತದೆ. ನಮ್ಮ ಕಡೆ ಏಪ್ರಿಲ್, ಮೇನಲ್ಲಿ 42 ಡಿಗ್ರಿ ಅಂದರೆ ಯಾರೂ ಹುಬ್ಬೇರಿಸುವುದಿಲ್ಲ. ರಾಯಚೂರಿನವರಂತೂ ನಗುತ್ತಾರೆ. ಅದೇ ಚಾಕು ಆಗಸ್ಟ್‌ನಲ್ಲಿ ತಂಡಿ ಹಿಡಿದ ಅಡುಗೆಮನೆಯಲ್ಲಿ ಒದ್ದೆ ಬಟ್ಟೆಯ ಪಕ್ಕ ಬಿದ್ದಿರುತ್ತದೆ. ಒಂದು ಕಾಲದಲ್ಲಿ ಉಕ್ಕು ಎಳೆದರೆ ಇನ್ನೊಂದು ಕಾಲದಲ್ಲಿ ಕಟ್ಟಿಗೆ ಎಳೆಯುತ್ತದೆ. ನಡುವೆ ಸಿಕ್ಕಿದ ಅಂಟು ಸ್ವಲ್ಪ ಬಾಗುವ ಗುಣದ್ದಾಗಿರಬೇಕು. ಪೂರಾ ಗಾಜಾದರೆ ಒಡೆಯುತ್ತದೆ, ಪೂರಾ ರಬ್ಬರಾದರೆ ಜಾರುತ್ತದೆ.

ಇದು ನನಗೆ ಅರ್ಥವಾಗಿದ್ದು ಕೊಪ್ಪಳದ ಗವಿಮಠದ ಜಾತ್ರೆಯ ನೆಪದಲ್ಲಿ. ಜನವರಿಯ ಆ ಜಾತ್ರೆಯ ದಾಸೋಹ ಎಷ್ಟು ದೊಡ್ಡದು ಅಂತ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಊರೂರಿಂದ ರೊಟ್ಟಿ ಬರುತ್ತವೆ, ತರಕಾರಿ ಗುಡ್ಡ ಬೀಳುತ್ತದೆ. ನಮ್ಮ ಸಂಬಂಧಿಕರೊಬ್ಬರು ಅಲ್ಲಿ ಹೆಚ್ಚುವ ಸೇವೆಗೆ ಹೋಗುತ್ತಾರೆ. ಅವರಿಗೆ ನಾಲ್ಕು ಚಾಕು ಮಾಡಿಕೊಟ್ಟೆ. ಅಷ್ಟೊತ್ತಿಗೆ ನಾನು ಬುದ್ಧಿವಂತನಾಗಿದ್ದೆ, ಎರಡು ಟ್ಯೂಬಿನದನ್ನು ಕಲಸಿ ಹಚ್ಚುವ ಎಪಾಕ್ಸಿ ಅಂಟಿಗೆ ಬಂದಿದ್ದೆ. ಆದರೆ ತಂದಿದ್ದು 5 ನಿಮಿಷಕ್ಕೆ ಗಟ್ಟಿಯಾಗುವ ಎಪಾಕ್ಸಿ. ಅವಸರ ಇತ್ತಲ್ಲ. ಮೂರನೇ ದಿನ ಎರಡು ಚಾಕು ವಾಪಸ್ ಬಂದವು. ಕಟ್ಟಿಗೆ ಬಿದ್ದಿರಲಿಲ್ಲ, ಆದರೆ ಹಿಡಿ ಒತ್ತಿದರೆ ಸಂದಿನಿಂದ ಕರಿ ನೀರು ಜಿನುಗುತ್ತಿತ್ತು. ದಿನವಿಡೀ ಒದ್ದೆ ಕೈ, ಸಂಜೆ ಜಿಡ್ಡು ಹೋಗಲಿ ಅಂತ ಬಿಸಿನೀರಿನ ತೊಳೆತ. ಬೇಗ ಗಟ್ಟಿಯಾಗುವ ಎಪಾಕ್ಸಿ ನೀರಿಗೂ ಬಿಸಿಗೂ ಅಂಜುತ್ತದೆ. ಅದನ್ನು ನಾನು ಮೊದಲೇ ತಿಳಿದುಕೊಳ್ಳಬೇಕಿತ್ತು. ಬಿಚ್ಚಿ ನೋಡಿದರೆ ಉಕ್ಕಿನ ಮೇಲೆ ತುಕ್ಕಿನ ನಕ್ಷೆ. ಊಟದ ತರಕಾರಿ ಹೆಚ್ಚುವ ಚಾಕುವಿನಲ್ಲಿ ಅಂಥ ನೀರು. ಆವತ್ತು ನಿದ್ದೆ ಬರಲಿಲ್ಲ.

ಆಮೇಲೆ ಕುಳಿತು ಸರಿಯಾಗಿ ಪರೀಕ್ಷೆ ಮಾಡಿದೆ. ಒಂದೇ ಪಟ್ಟಾದಿಂದ ಆರು ತುಂಡು ಉಕ್ಕು, ಒಂದೇ ಕೊರಡಿನಿಂದ ಆರು ತುಂಡು ಕಟ್ಟಿಗೆ, ಆರು ಅಂಟು. ಮೊಳೆ ಇಲ್ಲ, ಬರೀ ಅಂಟು. ಒಂದು ವಾರ ಬಕೆಟ್ ನೀರಿನಲ್ಲಿ, ಒಂದು ವಾರ ಮೇ ತಿಂಗಳ ಮಾಳಿಗೆಯ ಮೇಲೆ, ಆಮೇಲೆ ಪಕ್ಕದಿಂದ ಸುತ್ತಿಗೆ ಏಟು.

ಬಡಗಿಗಳ ಬಿಳಿ ಅಂಟು ಬಕೆಟ್ಟಿನಲ್ಲೇ ಕೈಬಿಟ್ಟಿತು. ಅದು ಕಟ್ಟಿಗೆಗೆ ಕಟ್ಟಿಗೆ ಸೇರಿಸಲು ಇರುವುದು, ಉಕ್ಕಿನೊಳಗೆ ಇಳಿಯಲು ಅದಕ್ಕೆ ದಾರಿಯೇ ಇಲ್ಲ. ಚಪ್ಪಲಿ, ಸನ್‌ಮೈಕಾಗೆ ಹಚ್ಚುವ ಹಳದಿ ರಬ್ಬರ್ ಅಂಟು ನೀರಿಗೆ ಗಟ್ಟಿ ನಿಂತಿತು, ಮಾಳಿಗೆಯ ಬಿಸಿಲಿಗೆ ಕಟ್ಟಿಗೆ ನಿಧಾನಕ್ಕೆ ಒಂದು ಕೂದಲಿನಷ್ಟು ಸರಿದಿತ್ತು. ಕ್ವಿಕ್ ಗಮ್ ಎರಡನೇ ಏಟಿಗೆ ಹಾರಿತು. ಕುಷ್ಟಗಿ ಕಡೆ ಗ್ರಾನೈಟ್ ಕೆಲಸ ಮಾಡುವ ಗೆಳೆಯ ಕೊಟ್ಟ ಕಲ್ಲಿನ ಅಂಟು, ಪಾಲಿಯೆಸ್ಟರ್ ಜಾತಿಯದ್ದು, ಹಪ್ಪಳದ ಹಾಗೆ ಪದರ ಪದರ ಎದ್ದಿತು. ಕಲ್ಲಿಗೆ ಅದು ಒಳ್ಳೆಯದೇ, ಕಲ್ಲು ಹಿಗ್ಗಿ ಕುಗ್ಗಿ ಆಟ ಆಡುವುದಿಲ್ಲ. 5 ನಿಮಿಷದ ಎಪಾಕ್ಸಿ ಒಣಗಿದ್ದಾಗ ಚೆನ್ನಾಗಿತ್ತು, ನೆನೆದ ಮೇಲೆ ಉಗುರಿಗೆ ಮೆತ್ತಗೆ ಸಿಗುತ್ತಿತ್ತು. ಕೊನೆಯದು ನಿಧಾನದ ಎಪಾಕ್ಸಿ. ಏಟು ಹಾಕಿದರೆ ಕಟ್ಟಿಗೆ ಸೀಳಿತು, ಅಂಟಿದ ಪದರ ಉಕ್ಕಿನ ಮೇಲೇ ಉಳಿಯಿತು. ನನಗೆ ಬೇಕಾಗಿದ್ದು ಇದೇ.

ಈಗ ನಾನು ಬಳಸುವುದು ಅರಾಲ್ಡೈಟ್ ಸ್ಟ್ಯಾಂಡರ್ಡ್, ಅದೇ ನಿಧಾನದ ಎಪಾಕ್ಸಿ. ಅಂಟಿನ ರೆಸಿನ್ ಒಂದು, ಅದನ್ನು ಗಟ್ಟಿ ಮಾಡುವ ಹಾರ್ಡನರ್ ಒಂದು. 25 ಡಿಗ್ರಿಯಲ್ಲಿ ಕಲಸಿದರೆ ಗಟ್ಟಿಯಾಗುವ ಮುಂಚೆ ಒಂದೂವರೆ ತಾಸಿಗಿಂತ ಸ್ವಲ್ಪ ಹೆಚ್ಚು ಹೊತ್ತು ಕೆಲಸಕ್ಕೆ ಸಿಗುತ್ತದೆ. ಇದರಲ್ಲೂ ಒಮ್ಮೆ ಎಡವಿದೆ. ಟ್ಯೂಬಿನಿಂದ ಹಿಂಡಿ ಕಣ್ಣಳತೆಯಲ್ಲಿ ಸಮ ಸಮ ಹಾಕುತ್ತಿದ್ದವನು, ಇನ್ನೂ ಕರಾರುವಾಕ್ಕಾಗಿ ಮಾಡೋಣ ಅಂತ ಬಂಗಾರ ತೂಗುವ ಸಣ್ಣ ತಕ್ಕಡಿ ತಂದೆ. 10 ಗ್ರಾಂ ಅದಕ್ಕೆ 10 ಗ್ರಾಂ ಇದು. ಆವತ್ತು ಮಾಡಿದ ಮೂರು ಹಿಡಿಗಳ ಅಂಚಿನ ಅಂಟು ವಾರ ಕಳೆದರೂ ಉಗುರು ಊರಿದರೆ ಗುರುತು ಬೀಳುತ್ತಿತ್ತು. ಲೆಕ್ಕ ಏನಪ್ಪಾ ಅಂದರೆ, ಅಳತೆಯಲ್ಲಿ ಇದು ಸಮ ಸಮ, ತೂಕದಲ್ಲಿ ಅಲ್ಲ. ಹಾರ್ಡನರ್ ಹಗುರ. ತೂಗಿದರೆ ರೆಸಿನ್ 10 ಗ್ರಾಂಗೆ ಹಾರ್ಡನರ್ 8 ಗ್ರಾಂ. ನಾನು ತಕ್ಕಡಿ ಹಿಡಿದು ಕಾಲು ಭಾಗ ಹಾರ್ಡನರ್ ಜಾಸ್ತಿ ಹಾಕಿದ್ದೆ. ಜಾಸ್ತಿ ಹಾಕಿದರೆ ಬೇಗ ಗಟ್ಟಿ ಆಗುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಆಗುವುದು ಉಲ್ಟಾ, ಅಂಟು ಮೆತ್ತಗೆ ಉಳಿಯುತ್ತದೆ.

ಬೇಸಿಗೆಯಲ್ಲಿ ನಮ್ಮ ಶೀಟಿನ ಶೆಡ್ಡಿನೊಳಗೆ ಕಲಸಿದರೆ ಒಂದೂವರೆ ತಾಸು ಅನ್ನುವುದು ಸುಳ್ಳು. 10 ಡಿಗ್ರಿ ಏರಿದರೆ ಸಮಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಬಟ್ಟಲಲ್ಲಿ ರಾಶಿ ಬಿಟ್ಟರೆ ತನ್ನ ಬಿಸಿಗೆ ತಾನೇ ಇನ್ನೂ ಬೇಗ ಕಟ್ಟುತ್ತದೆ. ಹಾಗಾಗಿ ಹಂಚಿನ ತುಂಡಿನ ಮೇಲೆ ತೆಳ್ಳಗೆ ಹರಡಿ ಕಲಸುತ್ತೇನೆ, ಅದೂ ಬೆಳಗಿನ ಜಾವ. ಡಿಸೆಂಬರ್ ಮುಂಜಾನೆ 16–17 ಡಿಗ್ರಿ ಇದ್ದಾಗ ಕತೆ ಬೇರೆ. ರೆಸಿನ್ ಬೆಲ್ಲದ ಆಣದ ಹಾಗೆ ಎಳೆ ಎಳೆ. ಟ್ಯೂಬನ್ನು ಸ್ವಲ್ಪ ಹೊತ್ತು ಉಗುರುಬೆಚ್ಚಗಿನ ನೀರಲ್ಲಿ ಇಟ್ಟರೆ ಹರಿಯುತ್ತದೆ. ತೆಳ್ಳಗಾಗಲಿ ಅಂತ ಥಿನ್ನರ್ ಮಾತ್ರ ಬೆರೆಸಬೇಡಿ.

ಆದರೆ ಅಂಟಿಗಿಂತ ಮುಂಚಿನ ಕೆಲಸವೇ ಜಾಸ್ತಿ. ಅಲಗಿನ ಹಿಂದೆ ಹಿಡಿಯೊಳಗೆ ಹೋಗುವ ಭಾಗಕ್ಕೆ ನಾನು ಬಾಲ ಅನ್ನುತ್ತೇನೆ. ಆ ಬಾಲ ಕನ್ನಡಿಯ ಹಾಗೆ ಹೊಳೆಯುತ್ತಿದ್ದರೆ ಅಂಟಿಗೆ ಉಗುರೂರಲು ಜಾಗ ಇಲ್ಲ. 60 ಅಥವಾ 80 ನಂಬರಿನ ಪಾಲಿಶ್ ಪೇಪರಿನಿಂದ ಅಡ್ಡಾದಿಡ್ಡಿ ಗೀಚುತ್ತೇನೆ. ಬಾಲದಲ್ಲಿ ಮೊಳೆಯ ತೂತು ಬಿಟ್ಟು ಬೇರೆ ನಾಲ್ಕೈದು ತೂತು ಹಾಕುತ್ತೇನೆ. ಈ ಬದಿಯ ಅಂಟು ಆ ತೂತಿನಿಂದ ಆ ಬದಿಯ ಅಂಟಿಗೆ ಕೈ ಹಿಡಿಯುತ್ತದೆ. ಕಟ್ಟಿಗೆಯ ಒಳಮೈಯ ನಡುವೆಯೂ ಡ್ರಿಲ್ ತುದಿಯಿಂದ ಸಣ್ಣ ಸಣ್ಣ ಗುಳಿ, ಅಂಚು ಮಾತ್ರ ಮಟ್ಟಸ. ಆಮೇಲೆ ಜಿಡ್ಡು ತೆಗೆಯುವ ಅಸಿಟೋನ್ ಹಚ್ಚಿದ ಬಿಳಿ ಬಟ್ಟೆಯಲ್ಲಿ ಒರೆಸುವುದು. ಬಟ್ಟೆ ಕಪ್ಪಾಗುವುದು ನಿಲ್ಲುವವರೆಗೆ ಒರೆಸಬೇಕು. ಅದಾದ ಮೇಲೆ ಬೆರಳು ತಾಗಿಸಬಾರದು. ವೆಲ್ಡಿಂಗ್ ಅಂಗಡಿಯವನ ಕೈ ಹೇಗಿರುತ್ತದೆ ನಿಮಗೇ ಗೊತ್ತು. ನನ್ನ ಒಂದು ಹಿಡಿ ಬಿಟ್ಟುಕೊಂಡಾಗ ಒಳಗೆ ಹೆಬ್ಬೆಟ್ಟಿನ ಗುರುತು ಮುದ್ರೆ ಒತ್ತಿದ ಹಾಗೆ ಕಾಣಿಸಿತ್ತು.

ಕಟ್ಟಿಗೆಯ ಬಗ್ಗೆ ಒಂದು ಮಾತು. ತೇಗ, ಬೀಟೆ ಎಣ್ಣೆಯ ಮರಗಳು. ಅಂಟು ಹಚ್ಚುವ ಮುಂಚಿನ ಗಳಿಗೆಯಲ್ಲೇ ಅಸಿಟೋನ್‌ನಿಂದ ಒರೆಸಬೇಕು, ನಿನ್ನೆ ಒರೆಸಿದರೆ ಇವತ್ತಿಗೆ ಎಣ್ಣೆ ಮೇಲೆ ಬಂದಿರುತ್ತದೆ. ನನಗೆ ಒಲಿದದ್ದು ಬಳ್ಳಾರಿ ಜಾಲಿ. ಹೌದು, ಬದುವಿನಲ್ಲಿ ಬೆಳೆದು ಹೊಲ ನುಂಗುವ, ಸೈಕಲ್ ಚಕ್ರ ಪಂಕ್ಚರ್ ಮಾಡುವ ಅದೇ ಮುಳ್ಳುಕಂಟಿ. ಜನ ಸುಮ್ನೆ ಒಲೆಗೆ ಹಾಕುತ್ತಾರೆ. ಅದರ ದಪ್ಪ ಬೊಡ್ಡೆಯ ತಿರುಳು ನೋಡಿ, ಕಾಫಿ ಬಣ್ಣ, ಕಲ್ಲಿನಂಥ ಗಟ್ಟಿ. ಒಣಗಿದಾಗ ಬೇರೆ ಮರಗಳಷ್ಟು ಕುಗ್ಗುವುದಿಲ್ಲ. ಕುಗ್ಗದ ಕಟ್ಟಿಗೆ ಅಂದರೆ ಅಂಟಿಗೆ ಅರ್ಧ ಕೆಲಸ ಕಮ್ಮಿ. ಹಲಗೆ ಸೀಳಿ ಒಂದು ವರ್ಷ ಅಟ್ಟದ ಮೇಲೆ ಇಡುತ್ತೇನೆ. ಹಸಿ ಕಟ್ಟಿಗೆಗೆ ಯಾವ ಅಂಟು ಹಚ್ಚಿದರೂ ದಂಡ. ಉಜ್ಜುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಅದರ ಪುಡಿ ಕಣ್ಣು ಮೂಗು ಉರಿಸುತ್ತದೆ.

ಮೊಳೆ ಇಲ್ಲದೆ ಈಗ ಯಾವ ಚಾಕುವೂ ನನ್ನ ಅಂಗಡಿಯಿಂದ ಹೊರಗೆ ಹೋಗುವುದಿಲ್ಲ. ಅಂಗಡಿಯಲ್ಲಿ ಬ್ರೇಜಿಂಗ್‌ಗೆ ಇಟ್ಟ ಹಿತ್ತಾಳೆ ಕಡ್ಡಿಯೇ ನನ್ನ ಮೊಳೆ. ದೊಡ್ಡ ಚಾಕುವಿಗೆ 5 ಮಿಲಿಮೀಟರ್ ಹಿತ್ತಾಳೆ ಸರಳು. ತೂತು ಕೂದಲೆಳೆಯಷ್ಟು ಸಡಿಲ ಇರಲಿ. ಬಿಗಿ ತೂತಿಗೆ ಬಡಿದು ಕೂರಿಸಲು ಹೋಗಿ ಹಿಡಿಯ ಬದಿಗೆ ಹಾಕುವ ಎರಡು ಒಳ್ಳೆಯ ಕಟ್ಟಿಗೆ ಸೀಳಿದ್ದೇನೆ. ಅಡ್ಡ ಏಟು ತಿನ್ನುವುದು ಮೊಳೆ. ಅಂಟಿನ ಮುಖ್ಯ ಕೆಲಸ ಒಳಗೆ ನೀರು ಹೋಗದ ಹಾಗೆ ಸಂದು ಮುಚ್ಚುವುದು. ನಾನು ಅಂಟು ಆರಿಸುವುದು ಈ ಲೆಕ್ಕದಲ್ಲೇ. ಡಬ್ಬಿಯ ಮೇಲೆ ಎಷ್ಟು ಕಿಲೋ ಎಳೆತ ತಡೆಯುತ್ತದೆ ಅಂತ ಬರೆದದ್ದನ್ನು ನಾನು ಓದುವುದೇ ಬಿಟ್ಟಿದ್ದೇನೆ.

ಒತ್ತಿ ಹಿಡಿಯಲು ಮೊದಲು ಜಿ ಕ್ಲಾಂಪ್ ಹಾಕಿ ಇದ್ದ ಬಲವೆಲ್ಲ ಹಾಕಿ ತಿರುಗಿಸುತ್ತಿದ್ದೆ. ಅಂಟೆಲ್ಲ ಹೊರಗೆ, ಒಳಗೆ ಬರಗಾಲ. ಈಗ ಸೈಕಲ್ ಟ್ಯೂಬ್ ಉದ್ದುದ್ದ ಸೀಳಿ ಪಟ್ಟಿ ಮಾಡಿ ಸುತ್ತುತ್ತೇನೆ. ಸುತ್ತಲೂ ಒಂದೇ ಒತ್ತಡ, ಅತಿ ಬಿಗಿಯೂ ಅಲ್ಲ. ಹಿಡಿಯ ಮುಂದಿನ ತುದಿ, ಅಲಗಿಗೆ ತಾಗುವ ಜಾಗ, ಅಂಟಿಸುವ ಮುಂಚೆಯೇ ಪಾಲಿಶ್ ಆಗಿರಬೇಕು. ಆಮೇಲೆ ಅಲ್ಲಿ ಉಜ್ಜಲು ಹೋದರೆ ಅಲಗಿಗೆ ಗೀರು. ಅಲ್ಲಿ ಉಕ್ಕಿ ಬಂದ ಅಂಟನ್ನು ಹಸಿ ಇರುವಾಗಲೇ ಅಸಿಟೋನ್ ಅದ್ದಿದ ಕಿವಿಕಡ್ಡಿಯಿಂದ ಒರೆಸಿ. ಮನೆಯಲ್ಲಿ ವಿನೆಗರ್ ಇದ್ದರೆ ಅದೂ ಆಗುತ್ತದೆ. ಒಂದು ದಿನ ಪೂರ್ತಿ ಮುಟ್ಟುವುದಿಲ್ಲ. ಮಾರನೇ ದಿನ ಟ್ಯೂಬ್ ಸುತ್ತಿದ ಹಾಗೆಯೇ ಎಳೆ ಬಿಸಿಲಿಗೆ ಇಡುತ್ತೇನೆ, ಆ ಬೆಚ್ಚಗೆ ಅಂಟು ಇನ್ನೂ ಮಾಗುತ್ತದೆ. ಸುಡುವ ಬಿಸಿಲು ಬೇಡ. ಗಟ್ಟಿಯಾದ ಮೇಲೂ 60 ಡಿಗ್ರಿ ಹತ್ತಿರ ಹೋದರೆ ಇದು ಮೆತ್ತಗಾಗುತ್ತದೆ. ಅದಕ್ಕೇ ಕೊಂಡವರಿಗೆ ಹೇಳುತ್ತೇನೆ: ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಡಬೇಡಿ, ಕುದಿಯುವ ನೀರಲ್ಲಿ ಅದ್ದಬೇಡಿ.

ಕೈಗೆ ಗ್ಲೌಸ್ ಹಾಕಿಕೊಳ್ಳಿ. ನಾನು ಎರಡು ವರ್ಷ ಬರಿಗೈಯಲ್ಲೇ ಕಲಸಿದೆ. ಮಣಿಕಟ್ಟಿನ ಮೇಲೆ ಎದ್ದ ತುರಿಕೆ ಈಗಲೂ ಅಂಟಿನ ವಾಸನೆ ಬಂದರೆ ಸಾಕು, ನೆನಪು ಮಾಡಿಕೊಡುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ, ಕುಡುಗೋಲಿಗೆ ನಾನು ಎಪಾಕ್ಸಿ ಹಾಕುವುದಿಲ್ಲ. ಕನಕಗಿರಿ ಕಡೆಯ ಒಬ್ಬ ಹಿರಿಯ ಕಂಬಾರರು ತೋರಿಸಿಕೊಟ್ಟದ್ದು ಅರಗಿನ ಪದ್ಧತಿ. ಕಾವು ಅಂದರೆ ಕುಡುಗೋಲಿನ ಕಟ್ಟಿಗೆ ಹಿಡಿ, ಅದರ ತೂತಿಗೆ ಅರಗು, ಇಟ್ಟಿಗೆ ಪುಡಿ ಕಲಸಿ ತುಂಬುತ್ತಾರೆ. ಬಾಲ ಕಾಯಿಸಿ ಒತ್ತಿದರೆ ಅರಗು ಕರಗಿ ಸಂದು ಸಂದು ಹೊಕ್ಕು ಆರಿದಾಗ ಹಿಡಿದುಕೊಳ್ಳುತ್ತದೆ. ಕಾವಿನ ಬಾಯಿಗೆ ಕಬ್ಬಿಣದ ಬಳೆ, ಸೀಳದಿರಲಿ ಅಂತ. "ಅಂಟು ಒಲೆ ಹತ್ತಿರ ಹೋದರೆ ಬಿಡುತ್ತದಲ್ಲ" ಅಂತ ನಾನು ಹೊಸದಾಗಿ ಕಲಿತ ಜಂಬದಲ್ಲಿ ಕೇಳಿದೆ. ಅವರು ನಕ್ಕರು. ಬಿಡಬೇಕು ಅಂತಲೇ ಅದನ್ನು ಹಾಕುವುದು ಅಂದರು. ಕಾವು ಮುರಿದರೆ ರೈತ ಬಾಲ ಕಾಯಿಸಿ ಹಳೇದು ಕಿತ್ತು, ಹೊಲದ ಬದುವಿನಲ್ಲೇ ಹೊಸ ಕಾವು ಹಾಕಿಕೊಳ್ಳಬೇಕು. ಎಪಾಕ್ಸಿ ಹಾಕಿದ ಹಿಡಿ ಮುರಿದರೆ ಉಳಿ ಹಿಡಿದು ಅರ್ಧ ದಿನ ಕೆತ್ತಬೇಕು, ಇಲ್ಲಾ ಸುಟ್ಟು ವಾಸನೆ ಕುಡಿಯಬೇಕು.

ಭತ್ತದ ಕೊಯ್ಲಿಗೆ ಮಷಿನ್ ಬಂದ ಮೇಲೆ ಕುಡುಗೋಲು ಕೇಳುವವರು ಕಡಿಮೆ. ಆದರೂ ಮೇವು ಕೊಯ್ಯುವವರು ಬರುತ್ತಾರೆ. ಸೋಮವಾರಕ್ಕೆ ಎರಡು ಕುಡುಗೋಲು ಒಪ್ಪಿಕೊಂಡಿದ್ದೇನೆ. ಡಬ್ಬಿಯಲ್ಲಿ ಅರಗು ತೀರಿದೆ, ಪತ್ತಾರರ ಅಂಗಡಿಗೆ ಹೋಗಿ ಬರಬೇಕು.