ಕರೆಂಟ್ ಇಡಿಸಿಕೊಳ್ಳುವಾಗ ಬಾಯಿ, ತುಟಿ ನೋಡಿಕೊಂಡ ಬಗೆ

ನಾಲಿಗೆ ಕ್ಯಾನ್ಸರ್ ಆಪರೇಷನ್ ಆದ ಮೇಲೆ ನನಗೆ ರೇಡಿಯೇಷನ್, ಅಂದ್ರೆ ಕರೆಂಟ್ ಇಟ್ಟರು. ಹಾಸನದಿಂದ ದಿನಾ ಓಡಾಡೋದು ಆಗದ ಮಾತು. ಬೆಂಗಳೂರಲ್ಲಿ ತಂಗಿ ಮನೆಯಲ್ಲೇ ಉಳಿದುಕೊಂಡೆ. ಮೊದಲ ವಾರ ಏನೂ ಗೊತ್ತಾಗಲಿಲ್ಲ. ಆಮೇಲೆ ಬಾಯೊಳಗೆ ಕೆಂಪಾಯಿತು, ಹುಣ್ಣೆದ್ದಿತು, ಎಂಜಲು ಅಂಟಂಟಾಗಿ ಕೊನೆಗೆ ಒಣಗೇ ಹೋಯಿತು. ಎಂಜಲು ಸುರಿಸುವ ಗ್ರಂಥಿಗಳಿಗೂ ಕರೆಂಟ್ ತಗಲುತ್ತಲ್ಲ, ಅದಕ್ಕೇ.

ನನ್ನನ್ನು ಕಾಪಾಡಿದ್ದು ಉಪ್ಪು-ಸೋಡಾ ನೀರು. ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ. ಬೇಕಿಂಗ್ ಪೌಡರ್ ಅಲ್ಲ, ಸೋಡಾ. ದಿನಾ ಬೆಳಗ್ಗೆ ಹೊಸದಾಗಿ ಮಾಡಿ ಬಾಟಲಿಗೆ ತುಂಬಿಕೊಳ್ಳುತ್ತಿದ್ದೆ. ಎರಡು ಗಂಟೆಗೊಮ್ಮೆ, ಊಟ ಆದ ಮೇಲೆ, ರಾತ್ರಿ ಎಚ್ಚರ ಆದಾಗ ಬಾಯಿ ಮುಕ್ಕಳಿಸಿ ಉಗಿಯೋದು. ಹುಣ್ಣು ಬರಲಿ ಆಮೇಲೆ ನೋಡೋಣ ಅಂತ ಕಾಯಬೇಡಿ, ಮೊದಲ ದಿನದಿಂದಲೇ ಶುರು ಮಾಡಿ. ಅಂಗಡಿಯ ಬಣ್ಣಬಣ್ಣದ ಮೌತ್‌ವಾಶ್ ಬೇಡ. ಅದರಲ್ಲಿ ಆಲ್ಕೋಹಾಲ್ ಇದ್ದರೆ ಬೆಂಕಿ ಇಟ್ಟ ಹಾಗಾಗುತ್ತೆ. ಬ್ರಷ್ ಮಕ್ಕಳದ್ದು, ಪೇಸ್ಟೂ ಖಾರ ಇಲ್ಲದ್ದು.

ಊಟದ್ದು ಒಂದು ಉಪಾಯ. ಡಾಕ್ಟರ್ ಬರೆದುಕೊಟ್ಟ ಮರಗಟ್ಟಿಸುವ ಜೆಲ್ ಅನ್ನು ತಿನ್ನುವ ಸ್ವಲ್ಪ ಮುಂಚೆ ಬಾಯಲ್ಲಿ ಆಡಿಸಿ, ಆ ಹೊತ್ತಲ್ಲೇ ಊಟ ಮುಗಿಸುತ್ತಿದ್ದೆ. ಆದರೆ ಗಂಟಲೂ ಮರಗಟ್ಟಬಹುದು, ಆಗ ಊಟ ಶ್ವಾಸನಾಳಕ್ಕೆ ಹೋಗಬಹುದು. ಆದ್ದರಿಂದ ಮೆತ್ತಗಿನದನ್ನೇ ನಿಧಾನಕ್ಕೆ ನುಂಗಬೇಕು. ಆಲೂಗಡ್ಡೆಗೆ ನಮ್ಮೂರಲ್ಲೇನು ಬರವಾ? ಬೇಯಿಸಿ, ಹಾಲು-ತುಪ್ಪ ಹಾಕಿ ನುಣ್ಣಗೆ ಕಿವುಚಿ ಕೊಡುತ್ತಿದ್ದಳು ತಂಗಿ. ರಾಗಿ ಗಂಜಿಗೆ ಮಜ್ಜಿಗೆ ಬದಲು ಹಾಲು, ಯಾಕೆಂದರೆ ಹುಳಿ ಸೋಕಿದರೆ ಕಣ್ಣಲ್ಲಿ ನೀರು. ರುಚಿ ಅನ್ನೋದು ಸತ್ತೇ ಹೋಗಿತ್ತು ಬಿಡಿ, ಕಾಫಿ ಕೂಡ ಕಬ್ಬಿಣ ನೆಕ್ಕಿದ ಹಾಗಿತ್ತು.

ಇನ್ನು ತುಟಿ. ಬಾಯಿಯ ಎರಡೂ ಮೂಲೆ ಸೀಳಿ, ಆಕಳಿಸಿದರೆ ರಕ್ತ. ನಾಲಿಗೆಯಿಂದ ಸವರಿಕೊಳ್ಳೋ ಚಟ ಇದ್ದರೆ ಮೊದಲು ಬಿಡಿ, ಇನ್ನೂ ಒಣಗುತ್ತೆ. ನನಗೆ ಹಿಡಿಸಿದ್ದು ಲ್ಯಾನೋಲಿನ್ ಮುಲಾಮು. ಹಾಲೂಡಿಸುವ ತಾಯಂದಿರು ಹಚ್ಚಿಕೊಳ್ಳುತ್ತಾರಲ್ಲ, ಅದೇ. ಮೆಡಿಕಲ್ ಶಾಪ್ ಹುಡುಗ ನನ್ನ ನರೆಗೂದಲು ನೋಡಿ, "ಮನೇಲಿ ಬಾಣಂತಿ ಇದ್ದಾರಾ ಅಮ್ಮ?" ಅಂದ. ಹ್ಞೂಂ ಅಂದೆ ಸುಮ್ನೆ. ಕರೆಂಟಿಗೆ ಹೋಗುವ ಮುಂಚೆ ಮಾತ್ರ ದಪ್ಪಗೆ ಬಳಿದುಕೊಂಡು ಹೋಗಬೇಡಿ, ಯಾವಾಗ ಹಚ್ಚಬೇಕು ಅಂತ ಅಲ್ಲಿಯ ಸಿಸ್ಟರನ್ನೇ ಕೇಳಿ. ಮೂಲೆ ಸೀಳು ಮಾಯದೇ ಇದ್ದರೆ, ನಾಲಿಗೆ ಮೇಲೆ ಮೊಸರಿನಂಥ ಬಿಳಿ ಕಂಡರೆ ಫಂಗಸ್ ಇರಬಹುದು. ನನಗೆ ಅದೂ ಆಯಿತು. ಮಾತ್ರೆ ಕೊಟ್ಟ ಮೇಲೆ ಹೋಯಿತು. ಮನೆಮದ್ದು ಹಚ್ಚಿಕೊಂಡು ಕೂತಿದ್ದರೆ ಹೋಗುತ್ತಿರಲಿಲ್ಲ.

ಟ್ರೀಟ್‌ಮೆಂಟ್ ಮುಗಿದ ತಕ್ಷಣ ಹುಣ್ಣು ಹೋಗಲ್ಲ, ಇನ್ನೂ ಕೆಲವು ವಾರ ಬೇಕು. ಬಾಯಿ ಒಣಗೋದು ಈಗಲೂ ಇದೆ, ನೀರಿನ ಬಾಟಲಿ ಬ್ಯಾಗಲ್ಲೇ ಇರುತ್ತೆ. ದವಡೆ ಬಿಗಿಯಬಾರದು ಅಂತ ಬಾಯಿ ಅಗಲಿಸುವ ವ್ಯಾಯಾಮ ದಿನಾ ಮಾಡುತ್ತೇನೆ. ಹಲ್ಲು ಕೀಳಿಸುವುದಿದ್ದರೆ ಕರೆಂಟಿಗೆ ಮುಂಚೆಯೇ ಕೀಳಿಸಿ, ಗಾಯ ಮಾಯಲು ಬಿಡಿ. ಆಮೇಲೆ ಕೀಳಿಸಿದರೆ ದವಡೆ ಮೂಳೆ ಮಾಯದೇ ಕೊಳೆಯುವ ಅಪಾಯ ಇದೆ. ಎಷ್ಟು ವರ್ಷ ಕಳೆದಿದ್ದರೂ ಹಲ್ಲಿನ ಡಾಕ್ಟರಿಗೆ ಕರೆಂಟ್ ಇಟ್ಟಿದ್ದನ್ನು ಹೇಳಿಯೇ ಬಾಯಿ ತೆರೆಯಿರಿ.