ಗುಜರಿಯ ಕ್ಲಚ್ ಪೆಡಲ್, ಅಡಿಕೆ ಹಾಳೆ ಮತ್ತು ನನ್ನ ಫಿಸಿಯೋ

"ಫಿಸಿಯೋ ಓದಿ ಗುಜರಿ ಅಂಗಡಿ ಇಟ್ಟಿದ್ದೀಯಂತೆ?" ಎಂದು ನನ್ನ ಬ್ಯಾಚಿನವನೊಬ್ಬ ಮದುವೆಯೂಟದ ಪಂಕ್ತಿಯಲ್ಲೇ ಗೇಲಿ ಮಾಡಿದ್ದ. ಕಳೆದ ತಿಂಗಳು ಅವನದೇ ಫೋನು: "ಆ ಕ್ಲಚ್ ಪೆಡಲ್ ಕೂಡಿಸಿದ ಹಲಗೆಯ ಅಳತೆ ಕೊಡು ಮಾರಾಯ." ಕೊಟ್ಟೆ. ಸ್ಪ್ರಿಂಗ್ ಯಾವುದು ಅಂತ ಮಾತ್ರ ಹೇಳಲಿಲ್ಲ.

ಉಡುಪಿ ಜಿಲ್ಲೆಯ ಕಾರ್ಕಳ, ಬೆಳ್ಮಣ್, ಹೆಬ್ರಿ ಕಡೆ ಮನೆಮನೆಗೆ ಹೋಗಿ ಫಿಸಿಯೋಥೆರಪಿ ಮಾಡುವವನು ನಾನು. ಕೆಂಪುಕಲ್ಲಿನ ಕೋರೆಯಲ್ಲೋ ಸೈಟಿನಲ್ಲೋ ಟಿಪ್ಪರ್ ರಿವರ್ಸ್ ಬಂದು ಗುದ್ದಿ ಕಾಲು ಮುರಿಸಿಕೊಂಡ ಪಿಕಪ್, ಟೆಂಪೋ ಚಾಲಕರೇ ನನಗೆ ಹೆಚ್ಚು ಸಿಗುತ್ತಾರೆ. ಆಪರೇಷನ್ ಚೆನ್ನಾಗಿಯೇ ಆಗಿರುತ್ತದೆ, ಎಲುಬಿಗೆ ಹಾಕಿದ ರಾಡ್ ನೆಟ್ಟಗೆ ಕೂತಿರುತ್ತದೆ. ಕೆಡುವುದು ಆಮೇಲೆ. ಆರು ವಾರ ಬಿಟ್ಟು ಬನ್ನಿ ಅಂತ ಚೀಟಿಯಲ್ಲಿ ಬರೆದಿರುತ್ತದೆ. ಆಟೋಗೆ ಹೋಗಿ ಬರಲು ಎಂಟುನೂರು ಬೇಕು, ಜೊತೆಗೆ ಹೋಗುವ ಹೆಂಡತಿಯ ಒಂದು ದಿನದ ಬೀಡಿ ಕಟ್ಟುವ ಕೆಲಸ ತಪ್ಪುತ್ತದೆ. ಹಾಗಾಗಿ ಹೋಗುವುದಿಲ್ಲ.

ನನ್ನ ಮೊದಲ ಕೇಸು ಹಾಗೆಯೇ ಹಾಳಾಯಿತು. ವಾರಕ್ಕೊಮ್ಮೆ ಫೋನಿನಲ್ಲಿ ನೋವು ಹೇಗಿದೆ ಅಂತ ಕೇಳುತ್ತಿದ್ದೆ. "ದಾಲ ಇಜ್ಜಿ ಸಾರ್" (ತುಳುವಿನಲ್ಲಿ, ಏನೂ ಇಲ್ಲ ಸಾರ್) ಅನ್ನುತ್ತಿದ್ದರು, ನಾನೂ ಪುಸ್ತಕದಲ್ಲಿ ಅದನ್ನೇ ಬರೆಯುತ್ತಿದ್ದೆ. ಎರಡೂವರೆ ತಿಂಗಳಿಗೆ ಮನೆಗೆ ಹೋಗಿ ನೋಡಿದರೆ ಮಂಡಿ ನಲವತ್ತು ಡಿಗ್ರಿಗಿಂತ ಹೆಚ್ಚು ಮಡಚುತ್ತಿಲ್ಲ. ಮತ್ತೆ ಅರಿವಳಿಕೆ ಕೊಟ್ಟು ಮಡಚಿಸಬೇಕಾಯಿತು. ನಮ್ಮೂರ ಗಂಡಸರ ಹತ್ತಿರ ನೋವು ಕೇಳಬಾರದು. ಈಗ ಹೆಂಡತಿಯನ್ನೋ ಅಮ್ಮನನ್ನೋ ಕೇಳುತ್ತೇನೆ, "ಕಕ್ಕಸಿಗೆ ಹೇಗೆ ಕೂರುತ್ತಾರೆ ಅಕ್ಕ?" ಅಂತ. "ಪ್ಲಾಸ್ಟಿಕ್ ಕುರ್ಚಿಗೆ ತೂತು ಮಾಡಿದ್ದೇವೆ" ಅಂದರೆ ಮಂಡಿಯ ಲೆಕ್ಕ ಸಿಕ್ಕಿದ ಹಾಗೆ.

ಇನ್ನೊಬ್ಬರ ಮೀನಖಂಡ ಊದಿದ್ದನ್ನು ಮಾಮೂಲಿ ಬಾವು ಅಂದುಕೊಂಡು ಕಾಲಡಿಗೆ ದಿಂಬು ಇಡಿಸಿ ಬಂದಿದ್ದೆ. ಮರುದಿನ ಅನುಮಾನ ಕಾಡಿ ಆಸ್ಪತ್ರೆಗೆ ಕಳಿಸಿದರೆ ರಕ್ತನಾಳದಲ್ಲಿ ಹೆಪ್ಪು. ಬದುಕಿಕೊಂಡರು, ನನ್ನ ಪುಣ್ಯ. ಅಂದಿನಿಂದ ಮೊದಲ ದಿನವೇ ದರ್ಜಿಯ ಟೇಪಿನಲ್ಲಿ ಎರಡೂ ಮೀನಖಂಡ ಅಳೆಯುತ್ತೇನೆ. 3 ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಅದೇ ದಿನ ರಕ್ತನಾಳದ ಡಾಪ್ಲರ್ ಸ್ಕ್ಯಾನ್, ಮಾತಿಲ್ಲ.

ದುಡ್ಡು ಕಳಕೊಂಡದ್ದೂ ಇದೆ. ಹದಿನೆಂಟು ಸಾವಿರ ಕೊಟ್ಟು ಚಿಕಿತ್ಸೆಗೆ ಕರೆಂಟ್ ಕೊಡುವ ಸೆಕೆಂಡ್ ಹ್ಯಾಂಡ್ ಮೆಷಿನ್ ತಂದೆ. ಹೆಬ್ರಿ ಕಡೆಯ ವೋಲ್ಟೇಜಿಗೆ ಮೂರನೇ ವಾರ ಸುಟ್ಟುಹೋಯಿತು. ಹಿಮ್ಮಡಿ ಜಾರಿಸಲು ಮಾಡಿಸಿದ ಪೌಡರ್ ಬೋರ್ಡ್ ಎಂಬ ನುಣುಪು ಹಲಗೆ ಮಳೆಗಾಲಕ್ಕೆ ಉಬ್ಬಿತು. ಆಗ ರೋಗಿಯ ಅಜ್ಜಿ ಹಿತ್ತಲಿನಿಂದ ಒಂದು ಅಡಿಕೆ ಹಾಳೆ ತಂದು ನುಣುಪಾದ ಒಳಮೈ ಮೇಲಾಗುವಂತೆ ಚಾಪೆಯ ಮೇಲೆ ಹಾಸಿದರು. ಕಾಲ್ಚೀಲ ಹಾಕಿದ ಹಿಮ್ಮಡಿ ಅದರ ಮೇಲೆ ಬೆಣ್ಣೆಯ ಹಾಗೆ ಜಾರಿತು. ಖರ್ಚು ಸೊನ್ನೆ, ಹರಿದರೆ ಇನ್ನೊಂದು. ಮಲ್ಪೆ ಕಡಲತೀರದ ಹೊಯಿಗೆಯಲ್ಲಿ (ಮರಳಿನಲ್ಲಿ) ನಡೆಸಿ ನೋಡುವ ಹುಚ್ಚೂ ಮಾಡಿದ್ದೆ. ಪಾದ ಓರೆಯಾಗಿ ನೋವು ಹೆಚ್ಚಿತು, ಬಿಟ್ಟೆ.

ಕಾಲಿನ ಮೇಲೆ ಭಾರ ಹಾಕುವುದಕ್ಕೆ ತೂಕದ ಯಂತ್ರವೇ ಗುರು. ಸರ್ಜನ್ ಇಪ್ಪತ್ತು ಕೆಜಿ ಅಂದರೆ ಮುಳ್ಳು ಇಪ್ಪತ್ತು ದಾಟಬಾರದು. ಚಾಲಕರಿಗೆ ಮೀಟರ್ ನೋಡುವುದು ಅಭ್ಯಾಸ, ಬಾಯಲ್ಲಿ ಹೇಳಿದರೆ ಹತ್ತುವುದಿಲ್ಲ.

ಇನ್ನು ಪೆಡಲ್. ನಡೆದರೆ ವಾಸಿಯಾಯಿತು ಅಂತ ಆಸ್ಪತ್ರೆಯ ಲೆಕ್ಕ. ಚಾಲಕನಿಗೆ ಕ್ಲಚ್ ಒತ್ತಿದರೆ ಮಾತ್ರ ವಾಸಿ. ಗುಜರಿಯಲ್ಲಿ ಮುನ್ನೂರೈವತ್ತಕ್ಕೆ ಪೆಡಲ್, ವೆಲ್ಡಿಂಗ್‌ಗೆ ಐನೂರು, ಹಲಗೆ ನಮ್ಮ ಮನೆಯದೇ. ಮೊದಲಿನ ಎರಡು ಸ್ಪ್ರಿಂಗ್ ದಂಡ, ಒಂದಂತೂ ಹಾರಿ ದೇವರ ಫೋಟೋದ ಗಾಜು ಒಡೆಯಿತು. ಎಲ್ಲ ಸೇರಿ ಸಾವಿರದ ನಾನೂರು ಆಗಿರಬಹುದು. ಎಕ್ಸ್‌ರೇಯಲ್ಲಿ ಎಲುಬು ಕೂಡಿದ್ದು ಕಂಡು ಸರ್ಜನ್ ಒಪ್ಪಿದ ಮೇಲೆ, ಹತ್ತು ಸಲ ಒತ್ತುವುದರಿಂದ ಶುರು. ನಾಲ್ಕು ವರ್ಷದಲ್ಲಿ ಮೂವತ್ತರ ಹತ್ತಿರ ಜನ ಇದರ ಮೇಲೆ ಕಾಲಿಟ್ಟಿದ್ದಾರೆ. ಏಳೆಂಟು ಮಂದಿ ಬಿಟ್ಟರೆ ಉಳಿದವರೆಲ್ಲ ಮತ್ತೆ ಸ್ಟಿಯರಿಂಗ್ ಹಿಡಿದಿದ್ದಾರೆ.

ಒಬ್ಬರ ಕಾಲು ಸರಿಯಾದರೂ ಟಿಪ್ಪರಿನ ರಿವರ್ಸ್ ಹಾರ್ನ್ ಕೇಳಿದರೆ ಕೈ ನಡುಗುತ್ತಿತ್ತು. ಆ ಶಬ್ದವನ್ನು ಮೊಬೈಲಿನಲ್ಲಿ ಹಿಡಿದು, ಪೆಡಲ್ ಒತ್ತುವಾಗ ಹಾಕಿದೆ. ಆತುರದಲ್ಲಿ ವಾಲ್ಯೂಮ್ ಪೂರ್ತಿ ಇಟ್ಟಿದ್ದೆ, ಎದ್ದು ಹೊರಗೆ ಹೋಗಿ ದನದ ಹಟ್ಟಿಯ ಹತ್ತಿರ ನಿಂತುಬಿಟ್ಟರು. ವಾರಗಟ್ಟಲೆ ನನ್ನ ಫೋನ್ ಎತ್ತಲಿಲ್ಲ. ಈಗ ತೀರಾ ಸಣ್ಣ ಶಬ್ದದಿಂದ ಏರಿಸುತ್ತೇನೆ, ಅದೂ ಅವರೇ ಏರಿಸಬೇಕು. ನಡುವೆ ಮಾಡುವ ಇನ್ನೊಂದು ಕೆಲಸ ಇದೆ, ಅದರ ಗುಟ್ಟು ನನ್ನ ಹೊಟ್ಟೆಪಾಡು, ಇಲ್ಲಿ ಬೇಡ.

ದಿನ, ಮಂಡಿ ಮಡಚುವ ಡಿಗ್ರಿ ಬರೆದಿಟ್ಟ ನನ್ನ ನೋಟ್‌ಬುಕ್ ಬೇರೆ ಕೆಲಸಕ್ಕೂ ಬಂತು. ಒಬ್ಬ ಚಾಲಕರಿಗೆ ಅಪಘಾತವಾದ ಕೋರೆ ಸಾರ್ವಜನಿಕ ಜಾಗವೇ ಅಲ್ಲ, ಪರಿಹಾರ ಕೊಡುವುದಿಲ್ಲ ಅಂತ ವಿಮೆಯವರು ತಕರಾರು ತೆಗೆದಾಗ, ವಕೀಲರು ಮಾಲಕರ ಮೇಲೆ 1923ರ ನೌಕರರ ಪರಿಹಾರ ಕಾಯ್ದೆಯಡಿ ಹೋದರು. ಆಗ ಅದರಲ್ಲಿ ಸಂಬಳ ಎಷ್ಟೇ ಇದ್ದರೂ ಪರಿಹಾರಕ್ಕೆ ತಿಂಗಳಿಗೆ 15,000 ರೂಪಾಯಿವರೆಗೆ ಮಾತ್ರ ಲೆಕ್ಕ ಹಿಡಿಯುತ್ತಿದ್ದರು. ನನ್ನ ಪುಟಗಳ ಜೆರಾಕ್ಸ್ ಕೇಳಿ ಪಡೆದರು. ಜೆರಾಕ್ಸಿನ ದುಡ್ಡು ಇನ್ನೂ ಬಂದಿಲ್ಲ.

ಹಲಗೆ ಈಗ ಬೆಳ್ಮಣ್ಣಿನ ಒಂದು ಮನೆಯಲ್ಲಿದೆ. ಬಲಗಾಲು ಮುರಿದವರು ಇಬ್ಬರು ಕಾದಿದ್ದಾರೆ, ಅವರಿಗೆ ಬ್ರೇಕ್ ಪೆಡಲ್ ಬೇಕು. ವೆಲ್ಡಿಂಗಿನವರು ಈ ಸಲ ಏಳುನೂರು ಅನ್ನುತ್ತಿದ್ದಾರೆ.